ಕಳಿಂಗ ಯುದ್ಧ, ಹಾಡುಗಳ ಸಮೇತ

ಶಾಲೆಯಲ್ಲಿ ಯಾವ ವಿಷಯ ಕಲಿಸುತ್ತೀರಿ ಎಂದು ಯಾರಾದರೂ ಕೇಳಿದಾಗ ‘ಇತಿಹಾಸ’ ಎಂದು ಉತ್ತರ ಕೊಟ್ಟು ನೋಡಿ. ಕೇಳಿದವರ ಮುಖದಲ್ಲಿ ಒಂದು ಬಗೆಯ ಸಹಾನುಭೂತಿ ಮೂಡುತ್ತದೆ; ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ತಿಳಿದಾಗ ಮೂಡುವಂಥದ್ದು. ಗಣಿತದವರಾದರೆ ‘ನಮ್ಮ ಹುಡುಗನಿಗೆ ಟ್ಯೂಷನ್ ಹೇಳ್ತೀರಾ?’ ಎಂದು ಅಲ್ಲೇ ಹಿಡಿದುಕೊಳ್ಳುತ್ತಾರೆ. ವಿಜ್ಞಾನದವರಾದರೆ ಕುರ್ಚಿ ಎಳೆದು ಕೂರಿಸಿ ಮಂಡಿನೋವಿಗೆ ಔಷಧಿ ಕೇಳುತ್ತಾರೆ. ಇತಿಹಾಸದವರನ್ನು ಮಾತ್ರ ‘ಓ, ಸರಿ ಸರಿ’ ಎಂದು ಬಿಟ್ಟುಬಿಡುತ್ತಾರೆ. ಶಾಲೆಯೊಳಗಂತೂ ನಾವು ಕಾರಿನ ಸ್ಟೆಪ್ನಿ ಇದ್ದಂತೆ. ಯಾರು ರಜೆ ಹಾಕಿದರೂ ಅವರ ಪೀರಿಯಡ್ಡಿಗೆ ನಾವು, ಅತಿಥಿಗಳು ಬಂದರೆ ಹಾರದ ತಟ್ಟೆ ಹಿಡಿದು ನಿಲ್ಲುವುದಕ್ಕೆ ನಾವು. ನಮ್ಮ ಪಾಠದಲ್ಲಿ ಬರುವವರೆಲ್ಲ ಸತ್ತು ಸಾವಿರಾರು ವರ್ಷಗಳಾಗಿರುವುದರಿಂದ ನಮಗೆ ಯಾವ ಆತುರವೂ ಇರುವುದಿಲ್ಲ ಎಂಬುದು ಉಳಿದ ಮೇಷ್ಟರುಗಳ ಖಚಿತ ನಂಬಿಕೆ.

ನನ್ನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅಪ್ಪ ನನಗೆ ಮುಮ್ತಾಜ್ ಎಂದು ಹೆಸರಿಟ್ಟರು. ಚಿಂತಾಮಣಿಯ ಖಾಸಗಿ ಶಾಲೆಯೊಂದರಲ್ಲಿ ಮುಮ್ತಾಜ್ ಎಂಬ ಹೆಸರಿನವಳು ಇತಿಹಾಸ ಕಲಿಸುವುದು ಎಂಥ ಫಜೀತಿ ಎಂದು ಅನುಭವಿಸಿದವರಿಗೇ ಗೊತ್ತು. ತಾಜ್ ಮಹಲಿನ ಪಾಠ ಬಂದ ದಿನ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, ‘ಮಿಸ್, ನಿಮ್ಮೆಜಮಾನ್ರು ಸೈಟ್ ತಗೊಂಡ್ರಾ?’ ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಯಜಮಾನರ ಹೆಸರು ಅನ್ವರ್. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ವ್ಯಾಪಾರ ಅವರದು. ನನಗಾಗಿ ಅವರು ಇದುವರೆಗೆ ಕಟ್ಟಿಸಿರುವುದು ತಾರಸಿಯ ಮೇಲಿನ ಬಟ್ಟೆ ಒಣಗುವ ಶೀಟಿನ ಮಾಡು ಒಂದೇ. ಅದೂ ಹಿಂದಿನ ಮಳೆಗಾಲದ ಗಾಳಿಗೆ ಪಕ್ಕದ ಮನೆಯವರ ಕಾಂಪೌಂಡಿಗೆ ಹಾರಿಹೋಯಿತು.

ಇಂಥ ನನ್ನ ನೆಮ್ಮದಿಯ ಬಾಳಿನೊಳಗೆ ಸ್ಮಾರ್ಟ್ ಬೋರ್ಡ್ ಬಂತು. ಯಾರೋ ದಾನಿಗಳು ಶಾಲೆಗೆ ಕೊಟ್ಟಿದ್ದು. ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಅದರ ಮೈಮೇಲೆ ಬಿಳಿ ಪಂಚೆ ಹೊದೆಸಿ ಕೋಣೆಗೆ ಬೀಗ ಹಾಕಲಾಯಿತು. ದೇವರ ಮೂರ್ತಿಗೆ ಸಿಗುವ ಮರ್ಯಾದೆ. ಆದರೆ ದಾನಿಗಳು ದೇವರಂತೆ ಸುಮ್ಮನಿರಲಿಲ್ಲ. ‘ಮಕ್ಕಳು ಬಳಸುತ್ತಿರುವ ಫೋಟೊ ಕಳಿಸಿ’ ಎಂದು ಸಂದೇಶ ಕಳಿಸತೊಡಗಿದರು. ಗಣಿತದ ಮೇಷ್ಟರು ಅದರ ಮೇಲೆ ಸೀಮೆಸುಣ್ಣದಲ್ಲೇ ಲೆಕ್ಕ ಬರೆದು ಗೀರು ಬೀಳಿಸಿದ್ದರಿಂದ ಅವರನ್ನು ಹತ್ತಿರ ಬಿಡುವಂತಿರಲಿಲ್ಲ. ವಿಜ್ಞಾನದವರು ಇಂಟರ್ನೆಟ್ ಇಲ್ಲದೆ ಮುಟ್ಟುವುದಿಲ್ಲ ಎಂದರು. ಉಳಿದದ್ದು ಸ್ಟೆಪ್ನಿ.

ಅದೇ ಹೊತ್ತಿಗೆ ನಮ್ಮ ಹೆಡ್ ಮಾಸ್ಟರು ಚಿಕ್ಕಬಳ್ಳಾಪುರದಲ್ಲಿ ಒಂದು ತರಬೇತಿ ಮುಗಿಸಿಕೊಂಡು ಬಂದಿದ್ದರು. ತರಬೇತಿಯಿಂದ ಬಂದವರು ಒಂದು ವಾರ ಬೇರೆಯೇ ಮನುಷ್ಯರಾಗಿರುತ್ತಾರೆ. ನನ್ನನ್ನು ಕರೆದು, ‘ಮೇಡಂ, ಇನ್ಮೇಲೆ ಚಾಕ್ ಅಂಡ್ ಟಾಕ್ ನಡೆಯಲ್ಲ. ಎಂಟನೇ ಕ್ಲಾಸಿಗೆ ಮೌರ್ಯರು ನಡೀತಿದ್ದಾರಲ್ಲ, ಒಂದು ಪಿಕ್ಚರ್ ಹಾಕ್ಬಿಡಿ’ ಎಂದರು.

‘ಯಾವ ಪಿಕ್ಚರ್ ಸಾರ್?’

‘ಮೌರ್ಯರದ್ದೇ. ಇರುತ್ತಲ್ಲ, ಕುದುರೆ ಗಿದುರೆ, ಯುದ್ಧ.’

‘ಸಾರ್, ಸಿನಿಮಾದಲ್ಲಿ ಇತಿಹಾಸ ಇರಲ್ಲ.’

‘ಕುದುರೆ ಇರುತ್ತಲ್ಲ ಮೇಡಂ’ ಎಂದರು. ಆ ತರ್ಕವನ್ನು ಎದುರಿಸುವ ಶಕ್ತಿ ನನ್ನ ಎಂ.ಎ. ಪದವಿಗೆ ಇರಲಿಲ್ಲ.

ನಾನು ಕಲಿಸುತ್ತಿದ್ದುದು ಕಳಿಂಗ ಯುದ್ಧದ ಪಾಠ. ಚಕ್ರವರ್ತಿ ಯಾರೆಂದು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ, ಹೆಸರು ಹೇಳುವುದಿಲ್ಲ. ಈಗಿನ ಕಾಲದಲ್ಲಿ ಸಾವಿರಾರು ವರ್ಷಗಳ ಹಿಂದೆ ತೀರಿಕೊಂಡವರ ಕಡೆಯವರೂ ಗುಂಪು ಕಟ್ಟಿಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ಯುದ್ಧ ಗೆದ್ದು, ಸತ್ತವರನ್ನು ಕಂಡು ನೊಂದು, ಕತ್ತಿ ಬಿಟ್ಟು ಬುದ್ಧನ ದಾರಿ ಹಿಡಿದವನು ಎಂದರೆ ಸಾಕು. ಮನೆಗೆ ಹೋಗಿ ನನ್ನ ಸಂಕಟ ಹೇಳಿಕೊಂಡೆ. ಅನ್ವರ್ ಅವರು ಗೂಡಿನ ವ್ಯಾಪಾರದಷ್ಟೇ ಶ್ರದ್ಧೆಯಿಂದ ಮಾಡುವ ಇನ್ನೊಂದು ಕೆಲಸವೆಂದರೆ ತೆಲುಗು ಸಿನಿಮಾ ನೋಡುವುದು. ‘ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯ’ ಎಂದು ಅಂಗಿಯ ಜೇಬಿನಿಂದ ಪೆನ್ ಡ್ರೈವ್ ತೆಗೆದರು. ಅದರೊಳಗೆ ಆ ಚಕ್ರವರ್ತಿ ಇದ್ದ.

ಭಾನುವಾರ ಇಬ್ಬರೂ ಕೂತು ನೋಡಿದೆವು. ಚಕ್ರವರ್ತಿ ಮೊದಲ ದೃಶ್ಯದಲ್ಲೇ ಆನೆಯ ಸೊಂಡಿಲು ಹಿಡಿದು ಆನೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತೊಡೆ ತಟ್ಟಿದ. ಪಾಟಲಿಪುತ್ರದ ಗೋಪುರವೊಂದು ಕುಸಿಯಿತು. ಕಳಿಂಗದ ಆನೆ ಪಳಗಿಸುವವನ ಮಗಳನ್ನು ಕಂಡು, ಕಂಡ ಕ್ಷಣವೇ ಅವಳೊಂದಿಗೆ ಹಿಮದ ಬೆಟ್ಟದಲ್ಲಿ ಹಾಡು ಹಾಡಿದ. ಚಕ್ರವರ್ತಿಗೆ ದಪ್ಪ ಕಂಬಳಿ, ಅವಳಿಗೆ ತೆಳು ಸೀರೆ. ಯುದ್ಧದಲ್ಲಿ ಅವನಿಗೆ ಬರುತ್ತಿದ್ದ ಬಾಣಕ್ಕೆ ಅವಳು ಎದೆ ಕೊಟ್ಟು ಸತ್ತಳು. ಅವನು ಕತ್ತಿ ಬಿಸಾಡಿದ. ಅಬ್ಬ, ಸದ್ಯ ಪಾಠಕ್ಕೆ ಬಂದ ಎಂದುಕೊಂಡೆ. ಆಗ ದುಷ್ಟ ಸೇನಾಪತಿ ಗಹಗಹಿಸಿ ನಕ್ಕ. ಚಕ್ರವರ್ತಿ ನಿಧಾನವಾಗಿ ತಿರುಗಿ, ‘ನೇನು ವದಿಲಿಂದಿ ಕತ್ತಿನಿ, ನಿನ್ನು ಕಾದು!’ ಎಂದ. ನಾನು ಬಿಟ್ಟಿದ್ದು ಕತ್ತಿಯನ್ನು, ನಿನ್ನನ್ನಲ್ಲ! ಅಲ್ಲಿಂದ ಮುಂದೆ ಬಹಳ ಹೊತ್ತು ಅಹಿಂಸೆಯನ್ನು ಬರಿಗೈಯಲ್ಲೇ ನಡೆಸಿದ.

‘ಅಲ್ರೀ, ಮಗಧದಲ್ಲಿ ತೆಲುಗು ಮಾತಾಡ್ತಿದ್ರಾ?’ ಎಂದು ಕೇಳಿದೆ.

‘ನಿನ್ನ ಪುಸ್ತಕದಲ್ಲಿ ಕನ್ನಡ ಮಾತಾಡ್ತಾನಲ್ಲ, ಅದು ನಡೆಯುತ್ತಾ?’ ಎಂದರು ಅನ್ವರ್, ಪರದೆಯಿಂದ ಕಣ್ಣು ತೆಗೆಯದೆ.

ನಾನೊಂದು ಉಪಾಯ ಮಾಡಿಕೊಂಡೆ. ಅಲ್ಲಲ್ಲಿ ಸಿನಿಮಾ ನಿಲ್ಲಿಸಿ ‘ಇದು ನಿಜ, ಇದು ಸುಳ್ಳು’ ಎಂದು ವಿವರಿಸುವುದು, ಹಾಡು ಬಂದರೆ ಓಡಿಸಿಬಿಡುವುದು. ಕಾಗದದ ಮೇಲೆ ಇದು ಒಳ್ಳೆಯ ಬೋಧನಾಕ್ರಮ. ಮೊದಲ ದಿನ ಕೋಣೆಗೆ ಹೋದರೆ ಎಂಟನೇ ತರಗತಿಯ ಮಕ್ಕಳ ಜೊತೆಗೆ ಪಿ.ಟಿ. ಮಾಸ್ಟರು ಕುರ್ಚಿ ಹಾಕಿಕೊಂಡು ಕೂತಿದ್ದರು. ‘ಶಿಸ್ತು ನೋಡ್ಕೊಳ್ಳಣ ಅಂತ ಬಂದೆ ಮೇಡಂ’ ಎಂದರು. ಕೈಯಲ್ಲಿ ಕಡಲೆಕಾಯಿ ಪೊಟ್ಟಣವಿತ್ತು. ಆನೆಯ ದೃಶ್ಯದಲ್ಲಿ ನಿಲ್ಲಿಸಿ, ‘ಮಕ್ಕಳೇ, ಮೌರ್ಯರ ಸೈನ್ಯದಲ್ಲಿ ಗಜಪಡೆ…’ ಎನ್ನುತ್ತಿದ್ದಂತೆ ಇಡೀ ಕೋಣೆ ‘ಷ್ಷ್!’ ಎಂದಿತು. ಅತ್ಯಂತ ಜೋರಾಗಿ ಎಂದವರು ಶಿಸ್ತು ನೋಡಿಕೊಳ್ಳಲು ಬಂದವರು. ಹಾಡು ಬಂದಾಗ ಓಡಿಸಲು ಗುಂಡಿ ಒತ್ತಿದೆ, ಅದು ಎಲ್ಲಿಗೋ ಜಿಗಿಯಿತು. ಈಗಷ್ಟೇ ಕಣ್ಣಲ್ಲಿ ಕಣ್ಣಿಟ್ಟಿದ್ದ ಹುಡುಗಿ ಹೆಣವಾಗಿ ಮಲಗಿದ್ದಳು. ‘ಯಾಕ್ ಸತ್ಲು ಮಿಸ್? ಏನಾಯ್ತು ಮಿಸ್?’ ಎಂದು ಮಕ್ಕಳು ಎದ್ದು ನಿಂತರು. ಹಿಂದಕ್ಕೆ ತಂದೆ. ಹಾಡು ಮೊದಲಿನಿಂದ ಶುರುವಾಯಿತು. ಹೆಡ್ ಮಾಸ್ಟರು ಫೋಟೊ ತೆಗೆಯಲು ಬಂದದ್ದು ಸರಿಯಾಗಿ ಆಗಲೇ. ಹಾಡು ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದು, ‘ಮಕ್ಕಳ ಇನ್ವಾಲ್ವ್‌ಮೆಂಟ್ ನೋಡಿ ಮೇಡಂ’ ಎಂದು ಗದ್ಗದಿತರಾಗಿ ಹೋದರು.

ಆ ತರಗತಿಯಲ್ಲಿ ಗೌತಮಿ ಎಂದೊಬ್ಬ ಹುಡುಗಿ ಇದ್ದಾಳೆ. ತೀರ ಮೆಲುದನಿ. ಅವರ ಮನೆಯವರು ಬೌದ್ಧರು. ತಂದೆ ಬ್ಯಾಂಕಿನಲ್ಲಿದ್ದಾರೆ, ನಡುಮನೆಯ ಗೋಡೆಗೆ ಬುದ್ಧನ ದೊಡ್ಡ ಪಟವಿದೆ. ಸಿನಿಮಾ ಶುರುವಾದ ದಿನವೇ ಅವಳು ನನ್ನ ಹತ್ತಿರ ಬಂದು, ‘ಮಿಸ್, ಬುದ್ಧ ಯಾವಾಗ ಬರ್ತಾರೆ? ಬಂದಾಗ ಚೆನ್ನಾಗಿ ನೋಡ್ಕೊಂಬಂದು ಹೇಳು ಅಂದಿದ್ದಾರೆ ಅಪ್ಪ’ ಎಂದಳು. ‘ಬರ್ತಾರಮ್ಮ, ಯುದ್ಧ ಮುಗೀಲಿ’ ಎಂದೆ. ಮಾರನೆಯ ದಿನವೂ ಕೇಳಿದಳು. ಯುದ್ಧ ಮುಗಿಯಲಿಲ್ಲ. ಅದಾದ ಮೇಲೆ ಬರಿಗೈ ಯುದ್ಧ. ಅದೂ ಮುಗಿದು, ಸೇನಾಪತಿ ಸತ್ತು, ಮಕ್ಕಳು ಚಪ್ಪಾಳೆ ಹೊಡೆದು, ಪಿ.ಟಿ. ಮಾಸ್ಟರು ಶಿಳ್ಳೆ ಹೊಡೆದು ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತ ಮೇಲೆ, ಪರದೆಯ ಮೇಲೆ ಬಂಗಾರದ ಬಣ್ಣದ ಬುದ್ಧನ ವಿಗ್ರಹ ಮೂಡಿತು. ಅದರ ಮುಂದೆ ಚಕ್ರವರ್ತಿ ತಲೆ ಬಾಗಿ ಕೂತಿದ್ದ. ಆ ಬುದ್ಧನ ಮುಖದ ಮೇಲಿಂದ ಕಲಾವಿದರ, ಲೈಟಿನವರ, ಊಟ ಬಡಿಸಿದವರ ಹೆಸರುಗಳು ಸಾಲಾಗಿ ಹತ್ತಿಹೋದವು. ಗೌತಮಿ ಹಿಂದಿನಿಂದ ತುದಿಗಾಲಲ್ಲಿ ನಿಂತು, ಅವರಿವರ ಹೆಗಲ ಸಂದಿಯಿಂದ ಇಣುಕುತ್ತಿದ್ದಳು. ಯಾರೋ ಲೈಟು ಹಾಕಿದರು.

‘ನೋಡ್ದೇನಮ್ಮ?’ ಎಂದು ಕೇಳಿದೆ.

‘ಹೆಸರುಗಳು ಅಡ್ಡ ಬಂತು ಮಿಸ್’ ಎಂದಳು.

ಅವಳ ಮಾತು ಆ ದಿನವೆಲ್ಲ ಕಿವಿಯಲ್ಲಿ ಕೂತಿತ್ತು. ಆದರೆ ಮೇಷ್ಟರ ಕೆಲಸದಲ್ಲಿ ಮನಸ್ಸು ಚುರುಕ್ ಎನ್ನಿಸಿಕೊಳ್ಳಲು ಬಿಡುವು ಎಲ್ಲಿದೆ? ಮುಂದಿನ ವಾರವೇ ಕಿರುಪರೀಕ್ಷೆ. ‘ಕಳಿಂಗ ಯುದ್ಧದ ಪರಿಣಾಮಗಳನ್ನು ಬರೆಯಿರಿ’ ಎಂದು ಕೇಳಿದ್ದೆ. ತರಗತಿಯಲ್ಲಿ ಸದಾ ಮೊದಲ ರ್‍ಯಾಂಕು ಬರುವವಳು ಕೀರ್ತನ. ಮುತ್ತಿನಂಥ ಅಕ್ಷರ, ಸ್ಕೇಲಿಟ್ಟು ಎಳೆದ ಅಡಿಗೆರೆ. ಅವಳ ಉತ್ತರ ಹೀಗಿತ್ತು: ಒಂದು, ಚಕ್ರವರ್ತಿಯ ಪ್ರೇಯಸಿ ಬಾಣ ತಗುಲಿ ಮರಣ ಹೊಂದಿದಳು. ಎರಡು, ಇದರಿಂದ ಮನನೊಂದ ಚಕ್ರವರ್ತಿ ಕತ್ತಿಯನ್ನು ತ್ಯಜಿಸಿದನು. ಮೂರು, ಸೇನಾಪತಿಯನ್ನು ಅಹಿಂಸಾತ್ಮಕವಾಗಿ ಕೈಯಿಂದ ಕೊಂದನು. ನಾಲ್ಕು, ನಂತರ ಸಮಯ ಸಿಕ್ಕಿದ್ದರಿಂದ ಬೌದ್ಧ ಧರ್ಮವನ್ನು ಸ್ವೀಕರಿಸಿದನು.

‘ಅಹಿಂಸಾತ್ಮಕವಾಗಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಸೊನ್ನೆ ಹಾಕಿದೆ. ಉಳಿದ ಮಕ್ಕಳದ್ದೂ ಹೆಚ್ಚುಕಡಿಮೆ ಇದೇ ಕಥೆ; ಒಬ್ಬ ಬರೀ ಆ ತೆಲುಗು ಡೈಲಾಗನ್ನು ಕನ್ನಡ ಅಕ್ಷರದಲ್ಲಿ ಬರೆದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದ. ಪುಸ್ತಕದಲ್ಲಿರುವುದನ್ನು ಬರೆದಿದ್ದವಳು ಗೌತಮಿ ಒಬ್ಬಳೇ. ಹೀಗಾಗಿ ಗೌತಮಿಗೆ ಮೊದಲ ರ್‍ಯಾಂಕು ಬಂತು, ಕೀರ್ತನ ಕೆಳಗಿಳಿದಳು. ಮಾರನೆಯ ದಿನವೇ ಕೆಂಚಾರ್ಲಹಳ್ಳಿಯಿಂದ ಅವಳ ತಂದೆ ನಾರಾಯಣಪ್ಪ ಬೈಕಿನಲ್ಲಿ ಬಂದಿಳಿದರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ ಇರುವ ಮನುಷ್ಯ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಇಂಥವರು ಮದುವೆಮನೆಗೂ ಹೋಗುವುದಿಲ್ಲ. ಅದನ್ನು ಬಿಟ್ಟು ಬಂದಿದ್ದಾರೆಂದರೆ ವಿಷಯ ಸಣ್ಣದಲ್ಲವೆಂದು ನನಗೆ ಗೊತ್ತಾಯಿತು. ಹೆಡ್ ಮಾಸ್ಟರ ಕೋಣೆಯಲ್ಲಿ ವಿಚಾರಣೆ ಶುರುವಾಯಿತು.

‘ಏಮಿ ಮೇಡಮ್ಮೋರೆ ಇದಿ? ನನ್ನ ಮಗಳು ಬರೆದಿದ್ದು ತಪ್ಪಾ?’

‘ತಪ್ಪು. ಅದು ಸಿನಿಮಾದಲ್ಲಿ ಇರೋದು.’

‘ಸಿನಿಮಾ ಎಲ್ಲಿ ನೋಡಿದ್ಲು?’

‘ಇಲ್ಲೇ.’

‘ತೋರ್ಸಿದ್ದು ಯಾರು?’

‘ನಾನೇ.’

‘ಯಾವ ಪೀರಿಯಡ್ಡಲ್ಲಿ?’

‘ಹಿಸ್ಟರಿ ಪೀರಿಯಡ್ಡಲ್ಲಿ.’

‘ಇಂಕೇಮಿ ಮರಿ? ಇನ್ನೇನು ಮತ್ತೆ?’ ಎಂದು ನಾರಾಯಣಪ್ಪ ಹೆಡ್ ಮಾಸ್ಟರ ಕಡೆ ತಿರುಗಿದರು. ‘ನಾವೇನ್ ಮಗೂನ ಟಾಕೀಸಿಗೆ ಕಳ್ಸಿದ್ವಾ ಸಾರ್? ಸ್ಕೂಲಿಗೆ ಕಳ್ಸಿದ್ದು. ಸ್ಕೂಲಲ್ಲಿ ತೋರ್ಸಿದ್ದು ಪಾಠ. ಪಾಠ ಬರೆದ್ರೆ ಸೊನ್ನೆನಾ? ನಿನ್ನೆಯಿಂದ ಊಟ ಮಾಡಿಲ್ಲ ಅದು.’

ಆ ಮನುಷ್ಯ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ‘ನೋಡಿ ಮೇಡಂ, ಯುದ್ಧ ಆಗಿದ್ದು ನಿಜ ತಾನೆ? ಕತ್ತಿ ಬಿಟ್ಟಿದ್ದು ನಿಜ ತಾನೆ? ಅರ್ಧ ಮಾರ್ಕ್ಸ್ ಕೊಟ್ಬಿಡಿ. ಎಲ್ಲರಿಗೂ ಸಮಾಧಾನ’ ಎಂದು ತೀರ್ಪು ಕೊಟ್ಟರು. ಹಾಗೆ ನಮ್ಮ ಶಾಲೆಯಲ್ಲಿ ಇತಿಹಾಸದ ಅರ್ಧ ಸಿನಿಮಾದವರ ಪಾಲಾಯಿತು. ತೆಲುಗು ಡೈಲಾಗು ಬರೆದ ಹುಡುಗನೂ ಬಂದು ಅರ್ಧ ಕೇಳಿ ಪಡೆದುಕೊಂಡ. ಹೆಡ್ ಮಾಸ್ಟರ ಪ್ರಕಾರ ಈ ಲೋಕದಲ್ಲಿ ನಿಜ ಸುಳ್ಳು ಎಂಬುದೇ ಇಲ್ಲ, ತಂಟೆ ಮತ್ತು ತಂಟೆಯಿಲ್ಲದಿರುವುದು ಎಂಬ ಎರಡೇ ಬಗೆ. ಅವರು ಹೆಡ್ ಮಾಸ್ಟರಾದದ್ದು ಸುಮ್ಮನೆ ಅಲ್ಲ.

ಕೀರ್ತನಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಊದಿಕೊಂಡಿತ್ತು. ‘ಮಿಸ್, ದೊಡ್ಡ ಪರೀಕ್ಷೇಲಿ ಯಾವುದು ಬರೀಬೇಕು?’

‘ಪುಸ್ತಕದ್ದು ಕಣಮ್ಮ.’

‘ಪುಸ್ತಕದ್ದೇ ನಿಜ ಅಂತ ಹೆಂಗೆ ಗೊತ್ತು ಮಿಸ್? ಪುಸ್ತಕ ಬರೆದೋರು ಹೋಗಿ ನೋಡಿದ್ರಾ?’

ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಂದು ಮಗು ನನ್ನನ್ನು ಇತಿಹಾಸದ ಪ್ರಶ್ನೆ ಕೇಳಿತ್ತು. ನನಗೆ ಆದ ಸಂತೋಷಕ್ಕೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ‘ಆ ಚಕ್ರವರ್ತಿ ತಾನೇ ಕಲ್ಲಿನ ಮೇಲೆ ಬರೆಸಿದ್ದಾನಮ್ಮ, ಯುದ್ಧದಿಂದ ನನಗೆ ಪಶ್ಚಾತ್ತಾಪ ಆಯ್ತು ಅಂತ. ಕಲ್ಲು ಸುಳ್ಳು ಹೇಳಲ್ಲ’ ಎಂದೆ. ‘ತೋರಿಸ್ತೀರಾ ಮಿಸ್?’ ಎಂದಳು. ಅವನ ಶಾಸನಗಳಿರುವ ಊರುಗಳು ನಮ್ಮ ಶಾಲೆಯ ಬಸ್ಸು ಹೋಗಿಬರುವಷ್ಟು ಹತ್ತಿರದಲ್ಲಿಲ್ಲ. ಹತ್ತಿರವಿರುವುದು ನಂದಿ. ಅಲ್ಲಿನ ದೇವಸ್ಥಾನಕ್ಕೂ ಆ ಚಕ್ರವರ್ತಿಗೂ ನಡುವೆ ಸಾವಿರ ವರ್ಷದ ಅಂತರ. ಆದರೂ ಹಳೆಯ ಕಲ್ಲು, ಹಳೆಯ ಅಕ್ಷರ. ಮಕ್ಕಳು ಕಣ್ಣಾರೆ ನೋಡಲಿ ಎಂದು ಹೆಡ್ ಮಾಸ್ಟರನ್ನು ಒಪ್ಪಿಸಿ ಎಂಟನೇ ತರಗತಿಯನ್ನು ಹೊರಡಿಸಿದೆ. ಶಿಡ್ಲಘಟ್ಟ ದಾಟುವಷ್ಟರಲ್ಲಿ ಡ್ರೈವರು ಹಾಡು ಹಾಕಿದ. ಹಿಮದ ಬೆಟ್ಟದ್ದೇ ಹಾಡು. ಮಕ್ಕಳೆಲ್ಲ ಒಂದೇ ಗಂಟಲಿನಲ್ಲಿ ಹಾಡಿದರು. ಚಿಕ್ಕಬಳ್ಳಾಪುರ ಕಳೆದು ದ್ರಾಕ್ಷಿ ಚಪ್ಪರಗಳು ಕಾಣುವ ಹೊತ್ತಿಗೆ ನನಗೂ ಎರಡನೆಯ ಚರಣ ಬಾಯಿಗೆ ಬಂದಿತ್ತು.

ದೇವಸ್ಥಾನದ ಅಂಗಳದಲ್ಲಿ ಮಕ್ಕಳು ಸುತ್ತ ನೋಡಿದರು. ‘ಇಷ್ಟೇನಾ ಮಿಸ್?’ ಎಂದ ಒಬ್ಬ. ‘ಕಲರ್ ಯಾಕಿಲ್ಲ ಮಿಸ್?’ ಎಂದ ಇನ್ನೊಬ್ಬ. ಸಿನಿಮಾದಲ್ಲಿ ಅರಮನೆಯ ಒಂದು ಕಂಬವೇ ಇದಕ್ಕಿಂತ ಎತ್ತರವಿತ್ತು ಎಂದು ಮೂರನೆಯವನು ಕಂಬವನ್ನು ಕೈಯಿಂದ ಅಳೆದು ತೋರಿಸಿದ. ಗೌತಮಿ ಮಾತ್ರ ಒಂದು ಕಂಬದ ಮೇಲಿನ ಸಣ್ಣ ಸಣ್ಣ ಕೆತ್ತನೆಗಳನ್ನು ಬೆರಳಿನಿಂದ ಸವರುತ್ತ ನಿಂತಿದ್ದಳು. ‘ಮಿಸ್, ಇಲ್ಲಿ ಯಾರೂ ಅಡ್ಡ ಬರಲ್ಲ’ ಎಂದಳು. ಈ ಒಂದು ಮಾತಿಗೆ ಬಸ್ಸಿನ ಆಯಾಸವೆಲ್ಲ ಇಳಿಯಿತು. ಹುಮ್ಮಸ್ಸಿನಿಂದ ಎಲ್ಲರನ್ನೂ ಒಂದು ಶಾಸನದ ಕಲ್ಲಿನ ಮುಂದೆ ನಿಲ್ಲಿಸಿದೆ.

‘ನೋಡಿ ಮಕ್ಕಳೇ, ಇದು ಕಲ್ಲಿನ ಮೇಲಿನ ಬರಹ. ಇದೇ ಇತಿಹಾಸದ ಸಾಕ್ಷಿ.’

ಕೀರ್ತನ ಕಲ್ಲಿನ ಹತ್ತಿರ ಮುಖ ತಂದು ನೋಡಿದಳು. ‘ಇದು ಕನ್ನಡಾನಾ ಮಿಸ್?’

‘ಹಳಗನ್ನಡ.’

‘ಓದಿ ಹೇಳಿ ಮಿಸ್.’

ನೋಡಿ, ಎಂ.ಎ. ಓದುವಾಗ ಶಾಸನಶಾಸ್ತ್ರವೆಂಬ ಪತ್ರಿಕೆ ಇತ್ತು. ಅದರಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಆದರೆ ಅಲ್ಲಿ ಶಾಸನಗಳು ಅಚ್ಚಾದ ಪುಸ್ತಕದಲ್ಲಿ, ಈಗಿನ ಲಿಪಿಯಲ್ಲಿ, ಕೆಳಗೆ ಅರ್ಥದ ಸಮೇತ ಇರುತ್ತಿದ್ದವು. ಇಲ್ಲಿ ಅಕ್ಷರಗಳು ಜಿಲೇಬಿಯಂತೆ ಒಂದಕ್ಕೊಂದು ಸುತ್ತಿಕೊಂಡು, ನಡುನಡುವೆ ಸವೆದು ಕೂತಿದ್ದವು. ನನಗೆ ಒಂದು ‘ಶ್ರೀ’ ಸಿಕ್ಕಿತು. ಅದೂ ‘ಶ್ರೀ’ಯೇ ಹೌದೋ ಅಲ್ಲವೋ. ‘ರಾಜರು ದೇವಸ್ಥಾನಕ್ಕೆ ಭೂಮಿ ದಾನ ಕೊಟ್ಟಿದ್ದು’ ಎಂದೆ. ಶಾಸನಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ.

‘ಯಾವ ರಾಜರು ಮಿಸ್?’

‘ಹಳೆಯ ರಾಜರು.’

‘ಅಂದಾಜಾ ಮಿಸ್?’

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ‘ಹೂಂ, ಅಂದಾಜು’ ಎಂದೆ.

ಕೀರ್ತನ ಬಹಳ ಮರ್ಯಾದೆಯಿಂದ, ‘ಸಿನಿಮಾದೋರೂ ಅಂದಾಜೇ ಮಾಡಿರ್ತಾರಲ್ವಾ ಮಿಸ್?’ ಎಂದಳು.

ನಾನು ಏನೋ ಹೇಳಲು ಬಾಯಿ ತೆರೆದೆ. ಅಂದಾಜುಗಳಲ್ಲಿ ಬಗೆಗಳಿವೆ, ಓದಬಲ್ಲವರು ಇದ್ದಾರೆ, ಒಬ್ಬರು ಓದಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಇತಿಹಾಸವೆಂದರೆ ಆ ತಿದ್ದುವ ಕೆಲಸವೇ ಎಂದೆಲ್ಲ ನನ್ನ ತಲೆಯಲ್ಲಿ ಒಳ್ಳೆಯ ಉತ್ತರವೊಂದು ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಮಕ್ಕಳ ಕಣ್ಣುಗಳು ನನ್ನನ್ನು ದಾಟಿ ಹಿಂದಕ್ಕೆ ಹೋದವು. ತಿರುಗಿ ನೋಡಿದೆ. ರಾಜ ರಾಣಿಯರು ಬರುತ್ತಿದ್ದರು. ಜರಿಯ ಪಂಚೆ, ಕಿರೀಟ, ಸೊಂಟದಲ್ಲಿ ಕತ್ತಿ, ಪಂಚೆಯ ಕೆಳಗೆ ಬಿಳಿ ಬೂಟು. ಮದುವೆ ನಿಶ್ಚಯವಾದ ಜೋಡಿ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬಂದವರು. ಹಿಂದೆ ಕ್ಯಾಮೆರಾದವನು. ‘ಮಿಸ್, ರಾಜ!’ ಎಂದು ಇಡೀ ತರಗತಿ ಶಾಸನಕ್ಕೆ ಬೆನ್ನು ಹಾಕಿತು. ಕ್ಯಾಮೆರಾದವನು ಸುತ್ತ ಕಣ್ಣಾಡಿಸಿ, ನನ್ನ ಶಾಸನದ ಕಲ್ಲನ್ನೇ ಮೆಚ್ಚಿ, ಜೋಡಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ. ಕ್ಯಾಮೆರಾದೊಳಗೆ ಕಣ್ಣಿಟ್ಟವನು ಹುಬ್ಬು ಗಂಟಿಕ್ಕಿ ತಲೆಯೆತ್ತಿ ನನ್ನನ್ನು ನೋಡಿದ.

‘ಮೇಡಂ, ಸ್ವಲ್ಪ ಸೈಡಿಗೆ ಬರ್ತೀರಾ? ಹಿಸ್ಟರಿ ಫೀಲ್ ಹೋಗ್ತಾ ಇದೆ.’

ಸರಿದೆ. ಸರಿಯುವಾಗ ರಾಣಿ, ‘ಆಂಟಿ, ಇದೊಂಚೂರು ಹಿಡ್ಕೊಂಡಿರಿ’ ಎಂದು ತನ್ನ ಕೈಚೀಲವನ್ನೂ ಫೋನನ್ನೂ ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡೆ. ರಾಜ ಎದೆಯುಬ್ಬಿಸಿ ದೂರ ದಿಗಂತವನ್ನು ನೋಡಿದ. ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ನನ್ನ ಪಾಠದಲ್ಲಿ ಒಂದು ದಿನವೂ ಕಾಣದ ಏಕಾಗ್ರತೆ. ಕ್ಯಾಮೆರಾದವನು ಒಂದು, ಎರಡು ಎಂದು ಎಣಿಸತೊಡಗಿದ. ಆಗ ಗುಂಪಿನಿಂದ ಒಂದು ದನಿ ಜೋರಾಗಿ ಕೂಗಿತು:

‘ನಿಲ್ಲಪ್ಪ ನಿಲ್ಲು! ರಾಣಿ ಕಿರೀಟ ಸೊಟ್ಟಗಿದೆ, ಮೊದಲು ಸರಿ ಮಾಡು!’

ಮಕ್ಕಳೆಲ್ಲ ತಿರುಗಿ ನನ್ನನ್ನೇ ನೋಡಿದರು. ಕೂಗಿದವಳು ನಾನೇ.